ನಾಯಿಗಳ ಉಣ್ಣಿಜ್ವರ

ಚಿಕಿತ್ಸೆಗೆಂದು ಬರುವ ರೈತಬಾಂಧವರು ಹೊರಡುವ ಹೊತ್ತಿಗೆ, ತೋಟ ಕಾಯುವ ನಾಯಿ ಎರಡು ದಿನದಿಂದ ಅನ್ನ ಮುಟ್ಟುತ್ತಿಲ್ಲ, ಯಾವ ಕಷಾಯ ಕುಡಿಸಬೇಕು ಎಂದು ನಮ್ಮನ್ನು ಕೇಳುವುದುಂಟು. ಕಷಾಯದ ಮಾತಿಗೆ ಮೊದಲು ಅದರ ಕಿವಿಯೊಳಗೆ, ಕುತ್ತಿಗೆಪಟ್ಟಿಯ ಕೆಳಗೆ, ಕಾಲ್ಬೆರಳುಗಳ ಸಂದಿಯಲ್ಲಿ ಉಣ್ಣಿಗಳಿವೆಯೇ ನೋಡಿರೆಂದು ನಾವು ಹೇಳುತ್ತೇವೆ.

ನಮ್ಮ ನಾಡಿನ ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಕಂದುಬಣ್ಣದ ಉಣ್ಣಿ. ಮಂಗನ ಕಾಯಿಲೆಯನ್ನು ಹರಡುವ ಕಾಡಿನ ಉಣುಗು ಬೇರೆಯೇ ಜಾತಿಯದು. ಕಂದು ಉಣ್ಣಿಯು ರಕ್ತ ಹೀರುವಾಗ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾವನ್ನೂ ಬೆಬೇಸಿಯಾ ಎಂಬ ಏಕಕೋಶಜೀವಿಯನ್ನೂ ನಾಯಿಯ ದೇಹಕ್ಕೆ ಸೇರಿಸಬಲ್ಲದು. ಮೊದಲನೆಯದರಿಂದ ಪ್ಲೇಟ್‌ಲೆಟ್ ಕಣಗಳು ಕುಗ್ಗುತ್ತವೆ. ಎರಡನೆಯದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಜ್ವರ, ಅರುಚಿ, ಮಂಕುತನಗಳು ಮೊದಲ ಲಕ್ಷಣಗಳು. ವಸಡು ಬಿಳಿಚಿಕೊಂಡರೆ, ಮೂಗಿನಿಂದ ರಕ್ತ ಸೋರಿದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆಗಳೆದ್ದರೆ, ಮೂತ್ರವು ಕಾಫಿಬಣ್ಣಕ್ಕೆ ತಿರುಗಿದರೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಆಯುರ್ವೇದದಲ್ಲಿ ನಮಗಿರುವ ಅಭಿಮಾನ ಅಲ್ಪವಲ್ಲ. ಆದರೂ ಈ ಜ್ವರಕ್ಕೆ ಅಮೃತಬಳ್ಳಿಯನ್ನಾಗಲಿ ಬೇವನ್ನಾಗಲಿ ನಂಬಿ ದಿನ ಕಳೆಯುವುದನ್ನು ನಾವು ಒಪ್ಪುವುದಿಲ್ಲ. ರಕ್ತಪರೀಕ್ಷೆ ಮಾಡಿಸಿ, ಎರ್ಲಿಕಿಯಾ ಎಂದು ತಿಳಿದರೆ ಪಶುವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನಗಳ ಕಾಲ ಕೊಡಿಸುತ್ತಾರೆ. ಮೂರನೆಯ ದಿನಕ್ಕೇ ನಾಯಿ ಬಾಲವಾಡಿಸಿತೆಂದು ಮಾತ್ರೆ ನಿಲ್ಲಿಸುವವರೇ ಬಹಳ. ಒಳಗೆ ಅಡಗಿ ಉಳಿದ ರೋಗವು ತಿಂಗಳುಗಳ ತರುವಾಯ ಮರಳಿದಾಗ ನಾಯಿಯನ್ನು ಉಳಿಸುವುದು ಕಷ್ಟ.

ಇನ್ನು ತಡೆಯುವ ಬಗೆ. ಉಣ್ಣಿಯು ತನ್ನ ಆಯುಷ್ಯದ ಬಹುಪಾಲನ್ನು ನಾಯಿಯ ಮೈಮೇಲೆ ಕಳೆಯುವುದಿಲ್ಲವೆಂಬುದನ್ನು ಬಹುಜನ ಅರಿಯರು. ಮರಿಯಾಗಿ ರಕ್ತ ಹೀರಿ ಕೆಳಗೆ ಬೀಳುತ್ತದೆ, ಪೊರೆ ಕಳಚಿ ಮತ್ತೆ ಏರುತ್ತದೆ. ಹೀಗೆ ಮೂರು ಬಾರಿ. ಕೊನೆಗೆ ಹೆಣ್ಣು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಬೆಳೆದ ಉಣ್ಣಿಯು ಆಹಾರವಿಲ್ಲದೆ ಹಲವು ತಿಂಗಳು ಬದುಕಬಲ್ಲದು. ಆದುದರಿಂದ ಮೈಗೆ ಮಾತ್ರ ಮದ್ದು ಹಚ್ಚಿ, ಮಲಗುವ ಗೋಣಿಯನ್ನು ಹಾಗೆಯೇ ಬಿಟ್ಟರೆ ಹಣವೂ ಶ್ರಮವೂ ವ್ಯರ್ಥ. ಗೂಡಿನ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿರಿ. ಗೋಣಿಯನ್ನು ಕುದಿಯುವ ನೀರಿನಲ್ಲಿ ಅದ್ದಿರಿ, ಹಳೆಯದಾದರೆ ಸುಟ್ಟುಬಿಡಿರಿ. ಮೊಟ್ಟೆಗಳು ಒಮ್ಮೆಗೇ ಒಡೆಯುವುದಿಲ್ಲವಾದುದರಿಂದ ಈ ಶುದ್ಧಿಯನ್ನು ಎರಡು ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ನಡೆಸಬೇಕು. ಜೊತೆಗೆ ಪಶುವೈದ್ಯರು ನಾಯಿಯ ತೂಕ ನೋಡಿ ಹೇಳುವ ಮಾತ್ರೆ, ಪಟ್ಟಿ ಅಥವಾ ಹನಿಮದ್ದು ಇರಲಿ. ಬೇವಿನೆಣ್ಣೆಯ ವಾಸನೆಗೆ ಉಣ್ಣಿ ಸ್ವಲ್ಪ ಹಿಂಜರಿದೀತು, ಅದೊಂದೇ ಸಾಲದು.

ಸೀಮೆಎಣ್ಣೆಯನ್ನು ಸರ್ವಥಾ ಹಚ್ಚಕೂಡದು. ಚರ್ಮ ಸುಡುತ್ತದೆ, ನೆಕ್ಕಿದರೆ ವಿಷವಾಗುತ್ತದೆ. ಕಚ್ಚಿದ ಉಣ್ಣಿಯನ್ನು ಚಿಮುಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರವಾಗಿ ಎಳೆದು, ಸಾಬೂನು ನೀರಿಗೆ ಹಾಕಿರಿ. ಬರಿಗೈಯಿಂದ ಹಿಸುಕಬೇಡಿರಿ. ಮನೆಯಲ್ಲಿ ಬೆಕ್ಕಿದ್ದರೆ ಪಶುವೈದ್ಯರಿಗೆ ಮೊದಲೇ ತಿಳಿಸಿರಿ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಮದ್ದು ಬೆಕ್ಕಿನ ಪ್ರಾಣಕ್ಕೇ ಎರವಾಗುತ್ತದೆ.