ಹೊರಗಾಲಿನ ಮೇಲೆ ಭಾರ

ಚಿಕ್ಕಮಗಳೂರು ಜಿಲ್ಲೆಯ ನಮ್ಮ ಬಾಳೂರು ಕಡೆ ಸಮತಟ್ಟು ನೆಲ ಅಂತ ಇರುವುದು ಕಾಫಿ ಕಣ ಮಾತ್ರ. ಹಣ್ಣು ಹರಡದ ತಿಂಗಳುಗಳಲ್ಲಿ ಮಕ್ಕಳು ಸೈಕಲ್ ಕಲಿಯುವುದು ಅಲ್ಲೇ. ನಾನೂ ಅಲ್ಲೇ ಕಲಿತೆ, ಅಣ್ಣನ ಗಂಡು ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ, ಒಳಪೆಡಲ್ ಹೊಡೆದು. ಕಣ ದಾಟಿದರೆ ಒಂದೋ ಏರು, ಇಲ್ಲ ಇಳಿಜಾರು. ಸೈಕಲ್ಲಿನಲ್ಲಿ ಶಾಲೆಗೆ ಹೊರಟ ಹುಡುಗಿ ಅರ್ಧ ದಾರಿ ತಳ್ಳಬೇಕು, ಇನ್ನರ್ಧ ದಾರಿ ಬ್ರೇಕ್ ಹಿಡಿದು ಕಳಸೇಶ್ವರನನ್ನು ನೆನೆಯಬೇಕು. ಹೈಸ್ಕೂಲು ಮುಗಿಯುವ ಹೊತ್ತಿಗೆ ಸೈಕಲ್ಲು ಕೊಟ್ಟಿಗೆ ಸೇರುವುದು ಇಲ್ಲಿ ವಾಡಿಕೆ. ನನ್ನದೂ ಸೇರಿತು. ಮತ್ತೆ ಹತ್ತಿದ್ದು ನಲವತ್ತರ ಆಸುಪಾಸಿನಲ್ಲಿ. ಅದರ ಬೆನ್ನಿಗೇ ಸ್ಕೀಯಿಂಗ್ ಹುಚ್ಚೂ ಹಿಡಿಯಿತು.

ಹುಡುಗಿಯಾಗಿದ್ದಾಗ ಏರಿನಲ್ಲಿ ಏದುಸಿರು ಬರುತ್ತಿದ್ದದ್ದು ನನ್ನ ಕಾಲಿನ ತಪ್ಪಲ್ಲ, ಗೇರಿನ ಲೆಕ್ಕ ಎಂದು ಈಗ ಗೊತ್ತು. ನಮ್ಮ ಹಳೇ ಮಾದರಿ ಸೈಕಲ್ಲುಗಳಲ್ಲಿ ಪೆಡಲ್ ಕಡೆಯ ಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ಲು ಐದು ಮೀಟರಿಗೂ ಹೆಚ್ಚು ಮುಂದೆ ಹೋಗಬೇಕು. ಬಯಲುಸೀಮೆಗೆ ಅದು ಸರಿ. ಜಾವಳಿ ಏರಿಗೆ ಅದು ಶಿಕ್ಷೆ. ನನ್ನ ಈಗಿನ ಸೈಕಲ್ಲಿಗೆ ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದಿನ ಅತಿ ದೊಡ್ಡ ಚಕ್ರಕ್ಕೆ 46. ಆ ಗೇರಿನಲ್ಲಿ ಒಂದು ಸುತ್ತಿಗೆ ಒಂದೂವರೆ ಮೀಟರ್ ಚಿಲ್ಲರೆ ಹೋಗುತ್ತದೆ, ಅಷ್ಟೆ. ನಡೆಯುವವರಿಗಿಂತ ಒಂದಿಷ್ಟು ಬೇಗ, ಆದರೆ ಕೂತುಕೊಂಡೇ, ಮಾತಾಡಿಕೊಂಡೇ ಹತ್ತಬಹುದು. ಏರು ಶುರುವಾದ ಮೇಲೆ ಗೇರ್ ಬದಲಿಸಿದರೆ ಚೈನು ಕರಕರ ಅನ್ನುತ್ತದೆ, ಒಮ್ಮೊಮ್ಮೆ ಕಳಚುತ್ತದೆ. ಕಾಲಿಗೆ ಭಾರ ಬೀಳುವ ಮುಂಚೆಯೇ, ಏರಿನ ಬುಡದಲ್ಲೇ ಬದಲಿಸಬೇಕು.

ಸೈಕಲ್ ಕೊಳ್ಳುವಾಗ ಹೆಂಗಸರು ಬಣ್ಣ, ಬುಟ್ಟಿ ನೋಡುತ್ತಾರೆ ಎಂದು ಅಂಗಡಿಯವರು ಅಂದುಕೊಂಡಿರುತ್ತಾರೆ. ನೋಡಬೇಕಾದ್ದು ಅಳತೆ. ಐದು ಅಡಿ ಎರಡಂಗುಲದ ನನಗೆ ಅತಿ ಸಣ್ಣ ಫ್ರೇಮ್ ಬೇಕು. ದೊಡ್ಡದರ ಮೇಲೆ ಕೂತರೆ ಹ್ಯಾಂಡಲ್ ಎಟುಕಿಸಲು ಹೋಗಿ ಕುತ್ತಿಗೆ, ಸೊಂಟ ಎರಡೂ ಹಿಡಿದುಕೊಳ್ಳುತ್ತವೆ. ಸೀಟಿನ ಎತ್ತರಕ್ಕೆ ಸುಲಭದ ಅಳತೆ ಉಂಟು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ಒತ್ತಿದಾಗ ಮಂಡಿ ನೆಟ್ಟಗಾಗಬೇಕು, ಸೊಂಟ ಆಚೀಚೆ ವಾಲಬಾರದು. ಹೆಂಗಸರ ಕೂರುವ ಎಲುಬುಗಳ ನಡುವೆ ಅಂತರ ಸಾಮಾನ್ಯವಾಗಿ ಜಾಸ್ತಿ, ಹಾಗಾಗಿ ಹಿಂಭಾಗ ಅಗಲವಾದ ಸೀಟು ಬೇಕು. ಮೆತ್ತಗಿನ ಸೀಟು ಮೊದಲ ಹತ್ತು ನಿಮಿಷ ಸುಖ ಕೊಟ್ಟು ಆಮೇಲೆ ಕಾಡುತ್ತದೆ. ಪ್ಯಾಡ್ ಇರುವ ಚಡ್ಡಿಯನ್ನು ಚೂಡಿದಾರದ ಒಳಗೆ ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ. ಹಾಕಿಕೊಳ್ಳದಿದ್ದರೆ ನಿಮ್ಮ ನಡಿಗೆಯಲ್ಲೇ ಎಲ್ಲರಿಗೂ ಕಾಣುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕ್ ಲಿವರಿನ ಬುಡದ ಸಣ್ಣ ತಿರುಪು. ಲಿವರುಗಳನ್ನು ಉದ್ದ ಬೆರಳಿನ ಗಂಡಸರ ಕೈ ನೋಡಿ ಜೋಡಿಸಿರುತ್ತಾರೆ. ಆ ತಿರುಪನ್ನು ತಿರುಗಿಸಿದರೆ ಲಿವರು ಹಿಡಿಯ ಹತ್ತಿರಕ್ಕೆ ಬರುತ್ತದೆ, ಮೋಟು ಬೆರಳಿಗೂ ಬಲ ಸಿಗುತ್ತದೆ. ಇಳಿಜಾರಿನಲ್ಲಿ ಭಯಪಡುವ ಎಷ್ಟೋ ಹೆಂಗಸರಿಗೆ ಧೈರ್ಯ ಕಡಿಮೆಯಿಲ್ಲ. ಬ್ರೇಕ್ ಎಟುಕುತ್ತಿಲ್ಲ, ಅಷ್ಟೇ.

ಮಳೆಗಾಲದ ಮಾತೇ ಬೇರೆ. ಕೊಟ್ಟಿಗೆಹಾರದ ಮಂಜಿನಲ್ಲಿ ಹಗಲು ಹನ್ನೊಂದಕ್ಕೂ ಹಿಂದೆ ಮುಂದೆ ಲೈಟ್ ಬೇಕು. ಕೆಂಪು ಕೆಸರು ಬ್ರೇಕ್ ಪ್ಯಾಡನ್ನು ಉಪ್ಪುಕಾಗದದ ಹಾಗೆ ತಿಂದು ಹಾಕುತ್ತದೆ. ಬೇಸಿಗೆಯಿಡೀ ಬಾಳಿದ ಪ್ಯಾಡು ಆಷಾಢದಲ್ಲಿ ಕಣ್ಣೆದುರೇ ಸವೆಯುತ್ತದೆ. ಮನೆಗೆ ಬಂದೊಡನೆ ಚೈನು ಒರೆಸಿ ಎಣ್ಣೆ ಬಿಡಬೇಕು, ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಬೇಕು, ಹೆಲ್ಮೆಟ್ಟಿನ ಒಳಗಿನ ಸ್ಪಂಜಿಗೆ ಬೂಷ್ಟು ಹಿಡಿಯದಂತೆ ಕಾಯಬೇಕು. ಇಂಬಳಗಳ ಬಗ್ಗೆ ಹೇಳಲು ಏನೂ ಇಲ್ಲ. ನಿಂತರೆ ಹತ್ತುತ್ತವೆ, ಆದ್ದರಿಂದ ನಿಲ್ಲಬಾರದು. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದ ಮೇಲೆ ನಾನು ಮಳೆಗಾಲದಲ್ಲಿ ರಸ್ತೆಯ ಅಂಚನ್ನು ನಂಬುವುದಿಲ್ಲ. ನೋಡಲು ಗಟ್ಟಿಯಾಗಿರುತ್ತದೆ, ಅಡಿಯಲ್ಲಿ ನೀರು ಕೊರೆದಿರುತ್ತದೆ. ಬೆಳಗು ಪೂರ್ತಿ ಹರಿಯುವ ಮುಂಚೆ ಹೊರಡುವುದೂ ಇಲ್ಲ. ಆನೆ ಎಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ, ಕಾಟಿಗಳದ್ದು ಬರುವುದಿಲ್ಲ. ಸೈಕಲ್ಲು ಸದ್ದಿಲ್ಲದೆ ಹೋಗುವ ವಾಹನವಾದ್ದರಿಂದ ಕಾಟಿಗೆ ನಾವು ಬಂದದ್ದು ತಿಳಿಯುವುದು ತೀರಾ ಹತ್ತಿರ ಬಂದಾಗಲೇ. ಹಾಗಾಗಿ ಪ್ರತಿ ತಿರುವಿಗೂ ಬೆಲ್ಲು ಹೊಡೆಯುತ್ತೇನೆ.

ಜನರ ಮಾತು? ಮೊದಲ ವರ್ಷ ಎದುರು ಸಿಕ್ಕ ಪಿಕಪ್‌ನವರೆಲ್ಲ ನಿಲ್ಲಿಸಿ ಕೇಳುತ್ತಿದ್ದರು, "ಏನಕ್ಕಾ, ಜೀಪು ಕೆಟ್ಟೋಯ್ತಾ? ಹತ್ತಿ, ಸೈಕಲ್ ಹಿಂದೆ ಹಾಕ್ತೀನಿ." ಅದರಲ್ಲಿ ಕುಹಕವಿರಲಿಲ್ಲ, ನಿಜವಾದ ಕಾಳಜಿಯೇ ಇತ್ತು. ತೋಟದವರ ಮನೆ ಹೆಂಗಸು ಬೇಕೆಂದೇ ಬೆವರು ಸುರಿಸುತ್ತಾಳೆ ಎನ್ನುವುದು ಅವರಿಗೆ ಹೊಳೆಯುತ್ತಿರಲಿಲ್ಲ. ಈಗ ಹಾರ್ನ್ ಹೊಡೆದು ಕೈ ಎತ್ತಿ ಹೋಗುತ್ತಾರೆ.

ನನಗೆ ಹುಚ್ಚು ಹಿಡಿಸಿದ್ದು ಏರಲ್ಲ, ಇಳಿಜಾರು. ಇಳಿಯುವುದಕ್ಕೂ ಒಂದು ವಿದ್ಯೆ ಉಂಟು. ಬ್ರೇಕನ್ನು ಮೇಲಿನಿಂದ ಕೆಳಗಿನತನಕ ಒಂದೇ ಸಮನೆ ಹಿಡಿದರೆ ಅದು ಕಾದು ಹಿಡಿತ ಬಿಡುತ್ತದೆ. ತಿರುವಿಗೆ ಮುಂಚೆ, ಸೈಕಲ್ಲು ನೆಟ್ಟಗಿರುವಾಗಲೇ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಬೇಕು, ತಿರುವಿನೊಳಗೆ ಬಿಟ್ಟುಬಿಡಬೇಕು. ಹೊರಗಡೆಯ ಪೆಡಲ್ಲನ್ನು ಕೆಳಗಿಟ್ಟು ಅದರ ಮೇಲೆ ಮೈಭಾರ ಹಾಕಬೇಕು. ಬಲಕ್ಕೆ ತಿರುಗುವಾಗ ಎಡಗಾಲು, ಎಡಕ್ಕಾದರೆ ಬಲಗಾಲು. ಆಗ ಟೈರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಒಳಗಿನ ಪೆಡಲ್ಲು ನೆಲಕ್ಕೆ ತಾಗುವುದಿಲ್ಲ. ಕಣ್ಣು ಮಾತ್ರ ತಿರುವಿನ ಆಚೆಗಿರಬೇಕು. ಗುಂಡಿ ನೋಡಿದರೆ ಸೈಕಲ್ಲು ಗುಂಡಿಗೇ ಹೋಗುತ್ತದೆ. ಇಷ್ಟು ಮೈಗೆ ಒಗ್ಗಿದ ಮೇಲೆ ಕೆಳಗೂರಿನ ಟೀ ತೋಟದ ಕಡೆಯ ಇಳಿಜಾರಿನಲ್ಲಿ ಸಿಗುವ ಖುಷಿಯನ್ನು ನನ್ನ ಗಂಡನಿಗೆ ಇವತ್ತಿಗೂ ವಿವರಿಸಲು ಆಗಿಲ್ಲ.

ಇಳಿಯುವುದೇ ಆಟವಾಗಿರುವ ಇನ್ನೊಂದು ವಿದ್ಯೆ ಎಂದೇ ನಾನು ಸ್ಕೀಯಿಂಗ್ ಕಡೆ ಹೋದದ್ದು. ಕಾಫಿಯವರಿಗೆ ಅದರ ಮೊದಲ ತೊಡಕು ಪಂಚಾಂಗ. ಉತ್ತರದಲ್ಲಿ ಹಿಮ ಬೀಳುವ ಡಿಸೆಂಬರ್, ಜನವರಿಯಲ್ಲೇ ನಮ್ಮಲ್ಲಿ ಅರೇಬಿಕಾ ಕುಯ್ಲು, ಅದು ಮುಗಿಯುವುದರೊಳಗೆ ರೊಬಸ್ಟಾ. ಕಣದಲ್ಲಿ ಹಣ್ಣು ಹರಡಿರುವಾಗ ಮನೆಯಾಕೆ ಕಾಶ್ಮೀರಕ್ಕೆ ಆಡಲು ಹೋದಳೆಂದರೆ ಮೂಡಿಗೆರೆಯವರೆಗೂ ಸುದ್ದಿ. ಹಾಗಾಗಿ ರೊಬಸ್ಟಾ ಒಣಗಿಸಿ ಮೂಟೆ ಕಟ್ಟಿದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆಯ ಚಿಂತೆ ಜೋರಾಗುವ ಮುಂಚೆ ಸಿಗುವ ಸಂದಿನಲ್ಲೇ ಹೋಗಬೇಕು. ಹಿಮವೂ ಈಗೀಗ ನಮ್ಮ ಹೂಮಳೆಯ ಹಾಗೆಯೇ ನೆಚ್ಚುವಂಥದ್ದಲ್ಲ. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ಮಾರ್ಚಿಗೆ ಹೋಯಿತು.

ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಅಲ್ಲಿ ಮಕ್ಕಳು ಕಲಿಯುವ ದಿಬ್ಬವೂ ನಮ್ಮ ಶಿಖರಕ್ಕಿಂತ ಮೇಲೆ. ಮೊದಲೆರಡು ದಿನ ಬೂಟು ಕಟ್ಟುವುದರಲ್ಲೇ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಕಲಿಯಲು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲೇ ಇದೆ. ಸ್ಥಳೀಯ ಕಲಿಸುವವರೂ ಬೇಕಾದಷ್ಟು ಸಿಗುತ್ತಾರೆ.

ವರ್ಷಕ್ಕೊಮ್ಮೆ ಹೋಗುವವರು ಸ್ಕೀ ಕೊಳ್ಳಬೇಕಾಗಿಲ್ಲ, ಬಾಡಿಗೆ ಸಾಕು. ಆದರೆ ಬೂಟಿನ ವಿಷಯದಲ್ಲಿ ನಾಚಿಕೆ ಬಿಟ್ಟು ಹಟ ಮಾಡಿ. ಬಾಡಿಗೆ ಕೊಡುವವರು "ಆರಾಮಾಗಿರ್ಲಿ" ಎಂದು ಒಂದು ಅಳತೆ ದೊಡ್ಡದೇ ಕೊಡುತ್ತಾರೆ. ನಿಂತಾಗ ಕಾಲ್ಬೆರಳು ಮುಂದಕ್ಕೆ ಲಘುವಾಗಿ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಅಲುಗಬಾರದು. ಕಾಲುಚೀಲ ಒಂದೇ ಜೊತೆ. ಎರಡು ಹಾಕಿದರೆ ರಕ್ತದ ಓಡಾಟ ಕಡಿಮೆಯಾಗಿ ಇನ್ನೂ ಚಳಿಯಾಗುತ್ತದೆ. ಹತ್ತಿ ಬಟ್ಟೆ ಮೈಗೆ ತಾಗಿಸಲೇಬೇಡಿ, ಬೆವರು ಹೀರಿಕೊಂಡು ಒಣಗುವುದೇ ಇಲ್ಲ. ಹೊಸಬರಿಗೆ ಸ್ಕೀಯ ಉದ್ದ ಗಲ್ಲದವರೆಗೆ ಬಂದರೆ ಸಾಕು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿದ್ದಾಗ ತಾನಾಗಿ ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮಂಡಿ ತಿರುಚುತ್ತದೆ. ಅದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಕಲಿಕೆಯ ಮಟ್ಟ ನೋಡಿ ಹೊಂದಿಸಬೇಕು. ಹಿಂದಿನ ಗಿರಾಕಿ ಎಂಬತ್ತು ಕಿಲೋದ ಗಂಡಸಾಗಿದ್ದರೆ? ಅದಕ್ಕೇ ಕಣ್ಣೆದುರೇ ಹೊಂದಿಸಿ ಕೊಡಿ ಅನ್ನಬೇಕು. ತೂಕ ಕೇಳಿದರೆ ನಿಜ ಹೇಳಬೇಕು.

ದಿಬ್ಬದ ಮೇಲೆ ನಿಂತಾಗ ನನ್ನ ಸೈಕಲ್ಲಿನ ಅರ್ಧ ವಿದ್ಯೆ ಕೈ ಹಿಡಿಯಿತು, ಅರ್ಧ ಕೈ ಕೊಟ್ಟಿತು. ಕಡಿದಾದ ಮಣ್ಣಿನ ದಾರಿಯಲ್ಲಿ ಸೈಕಲ್ ಇಳಿಸುವಾಗ ಸೊಂಟವನ್ನು ಸೀಟಿನ ಹಿಂದಕ್ಕೆ ತಳ್ಳುತ್ತೇವೆ. ಸ್ಕೀ ಮೇಲೆ ಹಾಗೆ ಹಿಂದಕ್ಕೆ ವಾಲಿದರೆ ಸ್ಕೀಯ ಮೂತಿ ಹಗುರವಾಗಿ ಅದು ಹೇಳಿದ ಮಾತು ಕೇಳುವುದಿಲ್ಲ. ಕಣಕಾಲಿನ ಮುಂಭಾಗ ಬೂಟಿನ ನಾಲಗೆಗೆ ಒತ್ತುವಂತೆ, ಹೆದರಿಕೆ ಯಾವ ಕಡೆಗಿದೆಯೋ ಆ ಕಡೆಗೇ, ಕೆಳಕ್ಕೇ ಮೈ ಚಾಚಬೇಕು. ಬ್ರೇಕಿನದ್ದೂ ಹಾಗೇ. ಸೈಕಲ್ಲಿನಲ್ಲಿ ತಿರುವಿಗೆ ಮುಂಚೆ ಬ್ರೇಕ್. ಸ್ಕೀಯಲ್ಲಿ ತಿರುವೇ ಬ್ರೇಕ್. ಮೊದಲು ಮೂತಿಗಳನ್ನು ಹತ್ತಿರ ತಂದು ಹಿಂಭಾಗ ಅಗಲಿಸಿ ಉಜ್ಜಿಕೊಂಡು ನಿಲ್ಲುವುದನ್ನು ಕಲಿಸುತ್ತಾರೆ. ಆಮೇಲೆ ಗೊತ್ತಾಗುತ್ತದೆ, ನೆಟ್ಟಗೆ ಇಳಿಯದೆ ಅಡ್ಡಡ್ಡ ತಿರುಗುತ್ತ, ಪ್ರತಿ ತಿರುವನ್ನು ಪೂರ್ತಿ ಮುಗಿಸಿದರೆ ವೇಗ ತಾನಾಗಿ ಇಳಿಯುತ್ತದೆ ಎಂದು.

ಕೈ ಹಿಡಿದದ್ದು ಹೊರಗಾಲು. ಎಡಕ್ಕೆ ತಿರುಗಲು ಬಲ ಸ್ಕೀ ಮೇಲೆ ಭಾರ ಹಾಕಬೇಕು. ಮೈಯೋ ಭಯಕ್ಕೆ ಗುಡ್ಡದ ಕಡೆಗೆ, ಒಳಕ್ಕೇ ವಾಲುತ್ತದೆ. ವಾಲಿದ ಕ್ಷಣ ಹೊರಗಿನ ಸ್ಕೀ ಜಾರಿ ಕುಂಡೆ ಹಿಮಕ್ಕೆ. ಜೊತೆಗಿದ್ದ ಕಾಲೇಜು ಹುಡುಗರು ಇದೊಂದರಲ್ಲೇ ಒದ್ದಾಡುತ್ತಿದ್ದರು. ನನ್ನ ಕಾಲಿಗೆ ಚಾರ್ಮಾಡಿಯ ತಿರುವುಗಳು ಅದನ್ನು ಮೊದಲೇ ಕಲಿಸಿದ್ದವು. ಕಣ್ಣನ್ನು ಮುಂದಿಡುವುದೂ ಅಷ್ಟೆ. "ಆಗೇ ದೇಖೋ, ಮೇಡಂ!" ಎಂದು ಕಲಿಸುವಾತ ಉಳಿದವರಿಗೆಲ್ಲ ಕೂಗುತ್ತಿದ್ದ. ನನಗೆ ಆ ಕೂಗು ಕಡಿಮೆ ಬಿತ್ತು.

ದಕ್ಷಿಣದವರಿಗೆ ಇದೆಲ್ಲ ಸಲ್ಲದ ಶೋಕಿ ಎನ್ನುವವರಿಗೆ ನಾನು ಕೊಡಗಿನ ತೆಕ್ಕಡ ಭವಾನಿಯ ಹೆಸರು ಹೇಳುತ್ತೇನೆ. ಹಿಮವೇ ಬೀಳದ ಕಾಫಿ ನಾಡಿನಿಂದ ಹೋದ ಹುಡುಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ, ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ ಐದು ಕಿಲೋಮೀಟರ್ ಓಟದಲ್ಲಿ ಕಂಚು ಗೆದ್ದರು. ಅವರದ್ದು ಇಳಿಯುವ ಆಟ ಮಾತ್ರವಲ್ಲ, ಹಿಮದ ಮೇಲೆ ಏರನ್ನೂ ಸ್ಕೀ ಕಟ್ಟಿಕೊಂಡೇ ಹತ್ತುವ, ಎದೆ ಒಡೆಯುವ ಆಟ. ಹಿಮವಿಲ್ಲದ ತಿಂಗಳುಗಳಲ್ಲಿ ಈ ಆಟದವರು ಚಕ್ರ ಹಾಕಿದ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ. ಏರು ರಸ್ತೆಗೆ ನಮ್ಮಲ್ಲಿ ಬರವಿಲ್ಲ.

ಕಾಶ್ಮೀರಕ್ಕೆ ಎಲ್ಲರೂ ಹೋಗಲಾರರು, ಹೋಗಬೇಕೆಂದೂ ಇಲ್ಲ. ಸೈಕಲ್ಲಾದರೂ ಎಲ್ಲರಿಗೂ ಸಿಗಬೇಕಲ್ಲ? 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಬಯಲುಸೀಮೆಯ ಹುಡುಗಿಯರು ಅದನ್ನು ತುಳಿದುಕೊಂಡು ಶಾಲೆಗೆ ಹೋದರು. ನಮ್ಮ ಹುಡುಗಿಯರು ಅದೇ ಒಂದು ಗೇರಿನ ಸೈಕಲ್ಲನ್ನು ತಳ್ಳಿಕೊಂಡು ಹೋದರು. ಆ ಯೋಜನೆ ಆಮೇಲೆ ನಿಂತೂ ಹೋಯಿತು. ಮತ್ತೆ ಸೈಕಲ್ ಕೊಡುವ ಮಾತು ಬಂದಾಗ ಚಿಕ್ಕಮಗಳೂರು, ಕೊಡಗು, ಶಿವಮೊಗ್ಗ, ಉತ್ತರ ಕನ್ನಡದ ಗುಡ್ಡಗಾಡು ಶಾಲೆಗಳಿಗೆ ಬೇರೆ ಸೈಕಲ್ಲನ್ನೇ ಬರೆದುಕೊಳ್ಳಿ ಎಂದು ಶಿಕ್ಷಣ ಇಲಾಖೆಯವರನ್ನು ಕೇಳಿಕೊಳ್ಳುತ್ತೇನೆ. ಹಿಂದೆ ಆರೇಳು ಗೇರ್ ಇದ್ದರೆ ಸಾಕು. ಮಳೆಯಲ್ಲೂ ಹಿಡಿಯುವ ಬ್ರೇಕ್ ಇರಲಿ, ಅದು ಹದಿಮೂರು ವರ್ಷದ ಹುಡುಗಿಯ ಬೆರಳಿಗೆ ಎಟುಕಲಿ.