ಅಜ್ಜಿಯ ಕಥೆ ಮತ್ತೆ ಶುರುವಾಯಿತೇ? ಕುಳಿತು ಕೇಳಿ!

‘ಅದನ್ನೇ ಎಷ್ಟು ಸಲ ಹೇಳ್ತೀಯಜ್ಜಿ!’ ನಿಮ್ಮ ಮನೆಯಲ್ಲೂ ಈ ಮಾತು ಕೇಳಿಬರುತ್ತದೆಯೇ? ಹಾಗಾದರೆ ಈ ವಾರದ ಲೇಖನ ನಿಮಗಾಗಿಯೇ.

ಚಿತ್ರದುರ್ಗ ಸೀಮೆಗೆ ಕಥೆ ಹೊಸದಲ್ಲ. ಒನಕೆ ಓಬವ್ವನ ಸಾಹಸವನ್ನು ಇಲ್ಲಿನ ಮಕ್ಕಳು ಪಠ್ಯಪುಸ್ತಕಕ್ಕಿಂತ ಮೊದಲೇ ಕೇಳಿರುತ್ತಾರೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪರ ಕಥೆಗಳು ಹಾಡಾಗಿ ಉಳಿದಿವೆ. ಅಕ್ಷರ ಕಲಿಯದ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಇಂಥ ಹಾಡುಗಳನ್ನು ನೆನಪಿನಿಂದಲೇ ಹಾಡಿ ‘ನಾಡೋಜ’ ಗೌರವ ಪಡೆದರು. ಕೇಳುವವರು ಇದ್ದುದರಿಂದಲೇ ಅಲ್ಲವೇ ಆ ಕಥೆಗಳು ಉಳಿದದ್ದು?

ಹೇಳುವವರಿಗೆ ಏನು ಲಾಭ?

ಮುದುಕರು ಹಳೆಯದನ್ನು ಮೆಲುಕು ಹಾಕುವುದು ಬುದ್ಧಿ ಮಂಕಾದ ಗುರುತು ಎಂದು ವೈದ್ಯರೂ ಒಮ್ಮೆ ಭಾವಿಸಿದ್ದರು. ಅದು ಬಾಳಿನ ಲೆಕ್ಕ ನೋಡಿಕೊಳ್ಳುವ ಸಹಜ ಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದರು. ಮನಸ್ಸಿಗೆ ಆದ ಗಾಯವನ್ನು ದಿನಕ್ಕೆ 15 ನಿಮಿಷದಂತೆ 4 ದಿನ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ ಎಂಬುದನ್ನು 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರು ಕಂಡರು. ಬರೆದ ಕೂಡಲೇ ಕೆಲವರಿಗೆ ದುಃಖ ಹೆಚ್ಚಿದ್ದೂ ಉಂಟು. ಆದ್ದರಿಂದ ಯಾರನ್ನೂ ಒತ್ತಾಯಿಸಿ ಹೇಳಿಸಬೇಡಿ.

ಕೇಳುವವರಿಗೆ ಏನು ಲಾಭ?

‘ತಾತ ಹೇಗೆ ತೀರಿಕೊಂಡರು? ಆಗ ಅವರಿಗೆ ಎಷ್ಟು ವಯಸ್ಸು?’ ಎಂದು ಕೇಳಿ ನೋಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ ನಿಮ್ಮ ವಂಶದಲ್ಲಿ ಇವೆಯೇ ಎಂಬುದು ಇಂಥ ಮಾತುಕತೆಯಲ್ಲೇ ಹೊರಬರುತ್ತದೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ನಿಮ್ಮ ವೈದ್ಯರಿಗೆ ತೋರಿಸಿ. ಯಾವ ಪರೀಕ್ಷೆ, ಯಾವ ವಯಸ್ಸಿಗೆ ಎಂದು ನಿರ್ಧರಿಸಲು ಅವರಿಗೆ ಅನುಕೂಲ.

ಯಾವಾಗ ಎಚ್ಚರ?

ಹಳೆಯ ಕಥೆಯನ್ನು ಮತ್ತೆ ಮತ್ತೆ ಹೇಳಿದ ಮಾತ್ರಕ್ಕೆ ಗಾಬರಿ ಬೇಡ. ಆದರೆ ಈಗ ತಾನೇ ಉಂಡದ್ದು ಮರೆತರೆ, ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪಿದರೆ, ಕೇಳಿದ್ದನ್ನೇ ಗಳಿಗೆಗೊಮ್ಮೆ ಕೇಳಿದರೆ ‘ವಯಸ್ಸಾಯ್ತು’ ಎಂದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಬರಬಹುದು. ಇವಕ್ಕೆ ಚಿಕಿತ್ಸೆ ಇದೆ. ಸದಾ ಮಾತಾಡುತ್ತಿದ್ದವರು ಮಂಕಾಗಿ ಮೂಲೆ ಹಿಡಿದರೆ ಅದು ಖಿನ್ನತೆಯೂ ಇರಬಹುದು. ಸರ್ಕಾರದ ಉಚಿತ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಕೇಳುವುದು ಹೇಗೆ?

ಟಿವಿ, ಮೊಬೈಲು ಬದಿಗಿಡಿ. ಇಸವಿ ತಪ್ಪಿದರೆ ತಿದ್ದಬೇಡಿ. ‘ಆಮೇಲೆ?’ ಎನ್ನಿ, ಸಾಕು. ಕಿವಿ ಮಂದವಾಗಿದ್ದರೆ ಎದುರಿಗೇ ಕುಳಿತು ನಿಧಾನವಾಗಿ ಮಾತಾಡಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ರಾತ್ರಿ ಊಟವಾದ ಮೇಲೆ ಅಜ್ಜಿಗೆ ಮಾತ್ರೆ ಕೊಡುವುದನ್ನು ನೀವು ಮರೆಯುವುದಿಲ್ಲ. ಅದರ ಜೊತೆಗೆ ಹತ್ತು ನಿಮಿಷವನ್ನೂ ಕೊಡಿ.