ಅಳಿಯನಿಗೊಂದು ಕಾಲಿನ ಮಾತು

ಅಳಿಯಾ, ಹೊಸಪೇಟೆಯಿಂದ ನಿನ್ನ ಮಾವ ಬರೆಯುತ್ತಿದ್ದೇನೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ದಿನಾ ಗಾಡಿಯಲ್ಲೇ ಓಡಾಡುತ್ತೀಯ ಅಂತ ನಿಮ್ಮಮ್ಮ ಹೇಳಿದಳು. ಸಂತೋಷವಾಯಿತು. ಹೆಲ್ಮೆಟ್ ಕೊಂಡೆಯಂತೆ, ಜಾಕೆಟ್ಟೂ ಬಂತಂತೆ. ಕಾಲಿಗೇನೋ ಅಂತ ಫೋನಿನಲ್ಲಿ ಕೇಳಿದರೆ, "ನಮ್ಮ ಕಡೆ ಎಲ್ಲಿಯ ಚಳಿ ಬಿಡು ಮಾವಾ" ಅಂದೆ. ನಿನ್ನ ಜೊತೆ ಶಿಫ್ಟಿಗೆ ಹೋಗುವ ಹುಡುಗರೂ ಇದನ್ನೇ ಅನ್ನುತ್ತಾರೆ. ಅದಕ್ಕೇ ಉತ್ತರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ, ಅವರೂ ಓದಲಿ.

ನೀನು ಹೇಳಿದ್ದು ಅರ್ಧ ನಿಜ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು. ಆದರೆ ಇಲ್ಲಿ ಗಾಡಿ ಮೇಲೆ ಕಾಲು ಮರಗಟ್ಟುವುದು ಚಳಿಗಾಲದಿಂದಲ್ಲ, ಒದ್ದೆಯಿಂದ. ಮಣ್ಣಿನ ಗಡಿಗೆಯ ನೀರು ಬೇಸಿಗೆಯಲ್ಲಿ ಯಾಕೆ ತಣ್ಣಗಿರುತ್ತದೆ? ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನೂ ಹೊತ್ತೊಯ್ಯುತ್ತದೆ. ನೆನೆದ ಜೀನ್ಸ್ ತೊಟ್ಟು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋದರೆ ನಿನ್ನ ಮೊಣಕಾಲಿಗೆ ಆಗುವುದೂ ಅದೇ. ಜೀನ್ಸು ನೀರು ಕುಡಿಯುವುದರಲ್ಲಿ ಎತ್ತಿದ ಕೈ, ಬಿಡುವುದರಲ್ಲಿ ಮಹಾ ಜಿಪುಣ. ಮುಂಗಾರು ನಮ್ಮ ಬಯಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ ನಿಜ. ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆ ಮಾತ್ರ ಸೋಲುವುದಿಲ್ಲ. ಎರಡನೇ ಶಿಫ್ಟು ಮುಗಿಸಿ ರಾತ್ರಿ ಹೆದ್ದಾರಿಗೆ ಬಿದ್ದಾಗ ಗೊತ್ತಾಗುತ್ತದೆ.

ಇದು ಮುದುಕರ ಹೆದರಿಕೆ ಅಂದುಕೊಳ್ಳಬೇಡ. ಮೊದಲನೇ ಮಹಾಯುದ್ಧದಲ್ಲಿ, 1914–15ರ ಚಳಿಗಾಲದಲ್ಲಿ, ಕಂದಕದ ನೀರಲ್ಲಿ ನಿಂತು ಕಾಲು ಕೊಳೆಸಿಕೊಂಡ ಸೈನಿಕರು ಸಾವಿರಾರು. ಅದಕ್ಕೆ ಹಿಮ ಬೀಳಬೇಕಿಲ್ಲ, ಒದ್ದೆ ಬೂಟಿನಲ್ಲಿ ತಣ್ಣಗೆ ಗಂಟೆಗಟ್ಟಲೆ ಇದ್ದರೆ ಸಾಕು. ಕೊನೆಗೆ ಸೇನೆ ಕಂಡುಕೊಂಡ ಮದ್ದು ಬಹಳ ಸಾದಾ: ಕಾಲು ಒರೆಸು, ಎಣ್ಣೆ ಹಚ್ಚು, ಒಣ ಸಾಕ್ಸ್ ಹಾಕು. ನಿನಗೆ ಅಂಥದ್ದೇನೂ ಆಗುವುದಿಲ್ಲ. ಬೆರಳ ಸಂದಿ ಬೆಳ್ಳಗಾಗಿ ಸುಲಿದು, ತುರಿಸಿ, ವಾಸನೆ ಬರುವುದಂತೂ ತಪ್ಪುವುದಿಲ್ಲ. ಕಂಪ್ಲಿ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳನ್ನು ಕೇಳು, ಹೇಳುತ್ತಾರೆ.

ಶೂ ಒಳಗೆ ನೀರು ಎಲ್ಲಿಂದ ಬರುತ್ತದೆ ಅಂತ ಎಂದಾದರೂ ನೋಡಿದ್ದೀಯಾ? ಆಕಾಶದಿಂದ ನೇರ ಬೀಳುವುದು ಕಡಿಮೆ. ತೊಡೆ ಮೇಲೆ ಬಿದ್ದದ್ದು ಪ್ಯಾಂಟಿನಗುಂಟ ಇಳಿದು ಹರಡಿನ ಹತ್ತಿರ ಶೂ ಬಾಯಿಗೆ ಸುರಿಯುತ್ತದೆ. ರೇನ್‌ಕೋಟಿನ ಪ್ಯಾಂಟನ್ನು ಶೂ ಒಳಗೆ ತುರುಕುವ ಹುಡುಗರು ತಾವೇ ಪೈಪು ಹಾಕಿ ನೀರು ಬಿಟ್ಟುಕೊಂಡಂತೆ. ಪ್ಯಾಂಟು ಶೂ ಮೇಲೆ ಬರಬೇಕು. ಕೂತಾಗ ಅದು ಒಂದು ಗೇಣು ಮೇಲೆ ಸರಿಯುತ್ತದೆ, ಆದ್ದರಿಂದ ಅಂಗಡಿಯಲ್ಲಿ ನಿಂತು ಅಳತೆ ನೋಡಬೇಡ, ಗಾಡಿ ಮೇಲೆ ಕೂತು ನೋಡು. ಉದ್ದ ಇದ್ದರೆ ಕೆಳಗೆ ರಬ್ಬರ್ ಪಟ್ಟಿಯಲ್ಲಿ ಕಟ್ಟು. ಬಲಗಾಲಿನದು ಜೋತಾಡಿದರೆ ಸೈಲೆನ್ಸರಿಗೆ ತಾಗಿ ಕರಗಿ ಅಂಟಿಕೊಳ್ಳುತ್ತದೆ, ಅದರ ವಾಸನೆ ವಾರ ಹೋಗುವುದಿಲ್ಲ.

ಎಡ ಶೂ ಬೇಗ ಒದ್ದೆಯಾಗುವುದನ್ನೂ ಗಮನಿಸು. ಬೆರಳಿನಿಂದ ಗೇರ್ ಎತ್ತುವ ಗಾಡಿಯಾದರೆ ಲಿವರು ಉಜ್ಜಿ ಉಜ್ಜಿ ಮೇಲಿನ ಚರ್ಮ ತೆಳ್ಳಗಾಗಿ ಹೊಲಿಗೆ ಬಿಡುತ್ತದೆ. ನೀರಿನ ಮೊದಲ ಬಾಗಿಲು ಅದೇ. ಚಪ್ಪಲಿ ಹೊಲಿಯುವವರ ಹತ್ತಿರ ಒಂದು ತುಂಡು ಚರ್ಮ ಹಾಕಿಸಿಬಿಡು. ಹಿಮ್ಮಡಿಯಲ್ಲಿ ಒತ್ತುವ ಗೇರಿನ ಗಾಡಿಗಳಿಗೆ ಈ ತಾಪತ್ರಯವಿಲ್ಲ. ನೀವು ಅವನ್ನು ಹಾಲಿನವರ ಗಾಡಿ ಅಂತ ನಗುತ್ತೀರಿ, ನಗಿ.

ಇನ್ನು ಕೆಳಗಿನಿಂದ ಬರುವ ನೀರು. ಮುಂದಿನ ಗಾಲಿ ಚಿಮ್ಮಿಸಿದ್ದೆಲ್ಲ ನೇರ ಪಾದಕ್ಕೇ ಬರುತ್ತದೆ. ಈಗಿನ ಗಾಡಿಗಳ ಮುಂದಿನ ಮಡ್‌ಗಾರ್ಡು ನೋಡಲಿಕ್ಕೆ ಚೆಂದ, ಕೆಳಗೆ ಮೊಟಕು. ಅದರ ತುದಿಗೆ ಅಂಗೈ ಅಗಲದ ರಬ್ಬರ್ ಇಳಿಬಿಟ್ಟರೆ ಅರ್ಧ ಕೆಸರು ಅಲ್ಲೇ ನಿಲ್ಲುತ್ತದೆ. ನಮ್ಮಲ್ಲಿ ಕೆಸರಾದರೂ ಒಂದೇ ಥರದ್ದೇ? ಸಂಡೂರು ರಸ್ತೆಯದು ಅದಿರು ಲಾರಿಗಳು ಚೆಲ್ಲಿದ ಕೆಂಪು ಪುಡಿ; ನಾಲ್ಕು ಹನಿ ಬಿದ್ದರೆ ಎಣ್ಣೆ ಸುರಿದ ಹಾಗೆ ಜಾರುತ್ತದೆ, ಒಣಗಿದರೆ ಸಾಕ್ಸಿಗೆ ಕಾಯಂ ಬಣ್ಣ. ಬುಕ್ಕಸಾಗರ ದಾಟಿ ಕಂಪ್ಲಿ ಕಡೆ ಹೋದರೆ ಟ್ರ್ಯಾಕ್ಟರು ಗದ್ದೆಯಿಂದ ಎಳೆದು ತಂದ ಕಪ್ಪು ಮಣ್ಣು. ಅದು ಶೂ ತಳಕ್ಕೆ ಮೆತ್ತಿಕೊಂಡರೆ ಬ್ರೇಕಿನ ಮೇಲೆ ಕಾಲು ನಿಲ್ಲುವುದಿಲ್ಲ. ಹೊರಡುವ ಮುಂಚೆ ಕಲ್ಲಿಗೆ ತಿಕ್ಕು. ಡ್ಯಾಮಿನಿಂದ ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದಲ್ಲ, ಆಗ ಕಾಲು ನೆನೆಯುವ ಮಾತೇ ಬೇಡ. ಕಡೇಬಾಗಿಲು ಸೇತುವೆ ಮೇಲೆ ಸುತ್ತಿಕೊಂಡು ಹೋಗು.

ಕಂಪನಿ ಕೊಟ್ಟ ಸೇಫ್ಟಿ ಶೂ ಪಾದಕ್ಕೆ ರಕ್ಷೆ, ಮಳೆಗಲ್ಲ. ನೆನೆದರೆ ಎರಡು ದಿನ ಒಣಗದು. ಗಂಬೂಟು ನೀರು ತಡೆಯುತ್ತದೆ, ಆದರೆ ಗೇರಿನ ಸುಳಿವೇ ಕಾಲಿಗೆ ಸಿಗುವುದಿಲ್ಲ; ಹೆದ್ದಾರಿಗೆ ನನ್ನ ಒಪ್ಪಿಗೆ ಇಲ್ಲ. ಅವಸರಕ್ಕೆ ಸಾಕ್ಸಿನ ಮೇಲೆ ಪ್ಲಾಸ್ಟಿಕ್ ಕವರು ಸುತ್ತಿ ಶೂ ಹಾಕು. ಶೂ ಮೇಲೆ ಸುತ್ತಿದರೆ ಫುಟ್‌ರೆಸ್ಟ್ ಮೇಲೆ ಜಾರುತ್ತದೆ. ಗೇಟು ತಲುಪಿದ ಕೂಡಲೇ ಬಿಚ್ಚು, ಇಲ್ಲದಿದ್ದರೆ ಬೆವರಿಗೇ ನೆನೆಯುತ್ತದೆ. ಸಾಕ್ಸು ಸಿಕ್ಕರೆ ಉಣ್ಣೆಯದೇ ಕೊಳ್ಳು. ಕುರಿಗಾಹಿಗಳು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕುವುದು ಸುಮ್ಮನೆ ಅಲ್ಲ, ಉಣ್ಣೆ ನೆನೆದರೂ ಪೂರ್ತಿ ಬಿಸಿ ಬಿಡುವುದಿಲ್ಲ.

ಮನೆಗೆ ಬಂದ ಮೇಲೆ ಶೂ ಒಳಗಿನ ಮೆತ್ತೆ ತೆಗೆದು ಹಳೇ ಪೇಪರು ತುರುಕು, ಮಲಗುವ ಮುಂಚೆ ಅದನ್ನು ಎಸೆದು ಬೇರೆ ತುರುಕು. ಒಲೆ ಮುಂದೆ, ಸೈಲೆನ್ಸರ್ ಮೇಲೆ ಇಟ್ಟರೆ ಅಂಟು ಬಿಟ್ಟು ತಳ ಬಾಯಿ ತೆರೆಯುತ್ತದೆ. ಭಾನುವಾರ ಹಂಪಿಗೆ ಹೋಗುತ್ತೀಯಲ್ಲ, ವಿರೂಪಾಕ್ಷನ ಗುಡಿ ಮುಂದೆ ಬಿಡುವಾಗಲೂ ಶೂ ಮಗುಚಿ ಇಡು.

ಹಿಂದೆ ಕೂರುವವರ ಬಟ್ಟೆ ಗಾಲಿಗೆ ಸಿಗಬಾರದು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಬರೆದಿದ್ದಾರೆ, ಹಿಂಗಾಲಿಯ ಅರ್ಧ ಭಾಗವಾದರೂ ಮುಚ್ಚಿರಬೇಕಂತೆ. ಮುಂದೆ ಕೂತವನ ಪಾದದ ಬಗ್ಗೆ ಸರ್ಕಾರ ಅಷ್ಟು ತಲೆ ಕೆಡಿಸಿಕೊಂಡಿಲ್ಲ. ನಿನ್ನ ಅಪ್ಪನನ್ನು ಹಿಂದೆ ಕೂರಿಸಿಕೊಂಡಾಗ ಮಾತ್ರ ಆಗಾಗ ನಿಲ್ಲಿಸಿ ವಿಚಾರಿಸು. ಸಕ್ಕರೆ ಕಾಯಿಲೆ, ಪಾದ ಜೋಮು. ಸೈಲೆನ್ಸರು ಸುಟ್ಟರೂ ಅವರಿಗೆ ತಿಳಿಯಲಿಕ್ಕಿಲ್ಲ.

ಮಡ್‌ಗಾರ್ಡಿಗೆ ಕಟ್ಟುವ ರಬ್ಬರಿಗೆ ದುಡ್ಡು ಕೊಡಬೇಡ. ಪಂಕ್ಚರ್ ಅಂಗಡಿಯಲ್ಲಿ ಲಾರಿಯ ಹಳೇ ಟ್ಯೂಬಿನ ತುಂಡು ಕೇಳಿ ಇಸಕೊಂಡು ಬಾ, ವಾರದ ರಜೆಯ ದಿನ ನಾನೇ ಬಿಗಿದು ಕೊಡುತ್ತೇನೆ. ಸ್ಕ್ರೂ ನನ್ನ ಹತ್ತಿರ ಇವೆ.

ನಿನ್ನ ಮಾವ